ನಮ್ಮ ಕಾಲೇಜು, ಪಕ್ಕದ ಫ್ಯಾಕ್ಟರಿ: ನಂಟು ಬೆಳೆಸೋದು ಹೇಗೆ? ಹಾಸನ, ಚಿಕ್ಕಮಗಳೂರಿನವರು ಅನುಭವ ಹೇಳಿ

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಹತ್ತಿರ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಈ ವರ್ಷದಿಂದ ಪ್ಲೇಸ್‌ಮೆಂಟ್ ಮತ್ತು ಕಂಪನಿಗಳ ಜೊತೆಗಿನ ಸಂಪರ್ಕದ ಕೆಲಸವನ್ನೂ ನನಗೆ ಕೊಟ್ಟಿದ್ದಾರೆ. ಪಾಠದ ಗಂಟೆ ಕಡಿಮೆ ಮಾಡಿಲ್ಲ.

ಮೊದಲ ದಿನ ಬೀರುವಿನಿಂದ ಎಂಒಯು ಫೈಲ್ ತೆಗೆದು ನೋಡಿದೆ. ಇಪ್ಪತ್ತಕ್ಕೂ ಜಾಸ್ತಿ ಒಡಂಬಡಿಕೆಗಳಿವೆ. ಪ್ರತಿಯೊಂದರ ಹಿಂದೆಯೂ ಒಂದು ಫೋಟೊ: ಶಾಲು, ಹಾರ, ಇಬ್ಬರ ಕೈಯಲ್ಲೂ ಒಂದೊಂದು ಫೋಲ್ಡರ್. ಎರಡು ದಿನ ಕೂತು ಒಂದೊಂದೇ ನಂಬರಿಗೆ ಫೋನ್ ಮಾಡಿದೆ. ಸಹಿ ಹಾಕಿದವರಲ್ಲಿ ಬಹಳ ಜನ ಆ ಕಂಪನಿಯನ್ನೇ ಬಿಟ್ಟಿದ್ದಾರೆ. ಒಬ್ಬರಂತೂ ತುಂಬಾ ಮರ್ಯಾದೆಯಿಂದ ಕೇಳಿದರು, "ಸರ್, ನಾವು ಏನು ಮಾಡಬೇಕು ಅಂತ ಅದರಲ್ಲಿ ಬರೆದಿದೆ?" ಓದಿ ಹೇಳೋಣ ಅಂತ ಕಾಗದ ತೆರೆದೆ. ಪರಸ್ಪರ ಸಹಕಾರ, ಜ್ಞಾನ ವಿನಿಮಯ ಅಂತಷ್ಟೇ ಇತ್ತು. ಯಾರು, ಯಾವಾಗ, ಎಷ್ಟು ಮಕ್ಕಳು, ಏನೂ ಇಲ್ಲ.

ಇದು ಹೀಗೇಕೆ ಆಗುತ್ತದೆ ಅಂತ ನನಗೆ ಗೊತ್ತು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಮೌಲ್ಯಮಾಪನ ಮಾಡುವಾಗ ಚಾಲ್ತಿಯಲ್ಲಿರುವ ಒಡಂಬಡಿಕೆಗಳ ಲೆಕ್ಕ ಕೇಳುತ್ತಾರೆ. ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್‌ನವರು ಕೆಲಸ ಸಿಕ್ಕವರ ಸಂಬಳದ ಮಧ್ಯಮ ಮೊತ್ತ ಕೇಳುತ್ತಾರೆ. ಎರಡೂ ಬೇಕಾದವೇ. ಆದರೆ ಕೇಳಿದ ಲೆಕ್ಕ ತುಂಬಿಸುವುದರಲ್ಲೇ ನಮ್ಮ ಶಕ್ತಿ ಮುಗಿಯುತ್ತಿದೆ.

ನನಗೆ ಸಂಕಟ ಆಗುವುದು ಬೇರೆ ವಿಷಯಕ್ಕೆ. ನಮ್ಮ ಊರಲ್ಲಿ ಏನು ಕಡಿಮೆ ಇದೆ ಹೇಳಿ. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, ದೇಶದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಹಾಲು ಒಕ್ಕೂಟದ ಡೈರಿ ಇದೆ. ಜವಳಿ ಕಾರ್ಖಾನೆಗಳಿವೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಇವೆ. ಆಲೂರು, ಅರಕಲಗೂಡು, ಸಕಲೇಶಪುರದಿಂದ ಬಸ್ಸಲ್ಲಿ ಬರುವ ನಮ್ಮ ಮಕ್ಕಳು ದಿನಾ ಇವುಗಳ ಗೇಟ್ ಮುಂದೆಯೇ ಹಾದು ಬರುತ್ತಾರೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಒಳಗೆ ಹೋಗಿರುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ಏನು ಕೇಳುತ್ತದೆ ಅಂತ ಅವರಿಗೆ ಗೊತ್ತು. ಡೈರಿಯಲ್ಲಿ ಹಾಲು ಹೇಗೆ ತಣ್ಣಗಾಗುತ್ತದೆ ಅಂತ ಗೊತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಕಾಲೇಜು ಮತ್ತು ಕಂಪನಿ ನಿಜವಾಗಿ ಕೂಡಿ ಕೆಲಸ ಮಾಡಿದ್ದನ್ನು ಯಾರಾದರೂ ಕಂಡಿದ್ದೀರಾ? ಅದು ಎಲ್ಲಿಂದ ಶುರುವಾಯಿತು? ಕಂಪನಿ ಕಡೆಯವರಿದ್ದರೆ, ನಮ್ಮಿಂದ ನಿಮಗೆ ಏನು ಬೇಕು ಅಂತ ಬಿಡಿಸಿ ಹೇಳಿ. ಬೈದು ಹೇಳಿದರೂ ಪರವಾಗಿಲ್ಲ.

ಜವಳಿ ಎಚ್‌ಆರ್

ಮೇಷ್ಟ್ರೇ, ನಾನು ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಒಂದು ಜವಳಿ ಘಟಕದಲ್ಲಿ ಎಚ್‌ಆರ್ ಆಗಿದ್ದೇನೆ. ಇದೇ ಜಿಲ್ಲೆಯವಳು. ಬಿಡಿಸಿ ಹೇಳಿ ಅಂದಿರಿ, ಹೇಳುತ್ತೇನೆ.

ಕಾಲೇಜಿನವರು ನಮಗೆ ಫೋನ್ ಮಾಡುವುದು ವರ್ಷಕ್ಕೆ ಒಂದೇ ಸಲ. ಕೊನೆಯ ವರ್ಷದ ಮಕ್ಕಳಿಗೆ ಕೆಲಸ ಬೇಕಾದಾಗ. ಆಗ ನಲವತ್ತು ರೆಸ್ಯೂಮ್ ಒಟ್ಟಿಗೆ ಬರುತ್ತವೆ. ನಲವತ್ತರಲ್ಲೂ ಅದೇ ಸಾಲು, ಅದೇ ಹವ್ಯಾಸ. ಎರಡನೇ ವರ್ಷದಲ್ಲಿ ಒಂದು ದಿನ ಕರೆದುಕೊಂಡು ಬಂದು "ಇದು ಮಗ್ಗ, ಇದು ಬಾಯ್ಲರ್, ಇಲ್ಲಿ ನೀರು ಶುದ್ಧಿ ಮಾಡ್ತಾರೆ" ಅಂತ ತೋರಿಸಿದ್ದರೆ ಅವರಲ್ಲಿ ಐದು ಜನಕ್ಕಾದರೂ ಆಸೆ ಹುಟ್ಟುತ್ತಿತ್ತು. ನಮಗೂ ಆ ಐದು ಮುಖ ನೆನಪಿರುತ್ತಿತ್ತು. ಕೆಲಸ ಕೊಡುವವರು ನೆನಪಲ್ಲಿ ಉಳಿದವರನ್ನೇ ಮೊದಲು ಕರೆಯುವುದು, ಅಲ್ವಾ?

ಇನ್ನೊಂದು. ಅಪ್ರೆಂಟಿಸ್ ಕಾಯ್ದೆ ಅಂತ 1961ರದ್ದು ಒಂದಿದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಇದು ಐಟಿಐ ಮಕ್ಕಳಿಗೆ ಮಾತ್ರ ಅಲ್ಲ. ಡಿಪ್ಲೊಮಾ, ಡಿಗ್ರಿ, ಇಂಜಿನಿಯರಿಂಗ್ ಮುಗಿಸಿದವರಿಗೂ ಇದೆ. ಇವರಿಗಿರುವ ಎನ್‌ಎಟಿಎಸ್ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ನಮಗೂ ಹೊರೆ ಕಡಿಮೆ. ಆದರೂ ಪದವೀಧರರ ಜಾಗ ಸುಮ್ನೆ ಖಾಲಿ ಉಳಿಯುತ್ತದೆ. ತಂದೆ ತಾಯಿ ಬಂದು "ಇಂಜಿನಿಯರಿಂಗ್ ಓದಿಸಿದ್ದು ಅಪ್ರೆಂಟಿಸ್ ಆಗೋಕಾ ಮೇಡಂ?" ಅಂತ ಕೇಳುತ್ತಾರೆ. ಅವರಿಗೆ ತಿಳಿಸಿ ಹೇಳುವ ಕೆಲಸ ನನಗಿಂತ ನೀವು ಚೆನ್ನಾಗಿ ಮಾಡಬಹುದು. ಒಂದು ವರ್ಷ ಶಾಪ್‌ಫ್ಲೋರಿನಲ್ಲಿ ನಿಂತ ಹುಡುಗ ಬೇರೆಯೇ ಆಗಿರುತ್ತಾನೆ. ನಾನು ಕಣ್ಣಾರೆ ಕಂಡಿದ್ದೇನೆ.

ಅರಸೀಕೆರೆ ಹುಡುಗಿ

ನನ್ನದೂ ಒಂದು ಅನುಭವ ಹೇಳಬಹುದಾ ಸರ್? ನಾನು ಓದಿದ್ದು ಬೇರೆ ಕಾಲೇಜು, ಹೋದ ವರ್ಷ ಮುಗಿಯಿತು. ಇಂಟರ್ನ್‌ಶಿಪ್ ಕಡ್ಡಾಯ ಇತ್ತು. "ನೀವೇ ಹುಡುಕಿಕೊಳ್ಳಿ" ಅಂದರು. ನಮ್ಮ ಮನೆಯಲ್ಲಿ ಯಾರಿಗೂ ಕಂಪನಿಯವರ ಪರಿಚಯ ಇಲ್ಲ. ಅಪ್ಪನದು ತೆಂಗಿನ ತೋಟ. ಕ್ಲಾಸಿನವರೆಲ್ಲ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ತಗೊಂಡರು, ನಾನೂ ಕಟ್ಟಿದೆ. ವಿಡಿಯೊ ಕಳಿಸಿದರು. ಕೊನೆಗೆ ಸರ್ಟಿಫಿಕೇಟ್ ಬಂತು. ಆಮೇಲೆ ಒಂದು ಇಂಟರ್‌ವ್ಯೂನಲ್ಲಿ ಒಬ್ಬರು ಮೇಡಂ ಅದನ್ನು ಕೈಯಲ್ಲಿ ಹಿಡಿದು "ಇಲ್ಲಿ ನೀನು ಮಾಡಿದ ಒಂದು ಕೆಲಸ ಹೇಳಮ್ಮ" ಅಂದರು. ನನಗೆ ಒಂದೂ ಹೇಳೋಕೆ ಆಗಲಿಲ್ಲ. ಬಸ್ಸಲ್ಲಿ ಅಳುತ್ತಾ ಬಂದೆ.

ನಮ್ಮಂಥವರಿಗೆ ಕಾಲೇಜೇ ಬಾಗಿಲು ತೆರೆಸಬೇಕು ಸರ್. ಪರಿಚಯ ಇದ್ದವರಿಗೆ ಹೇಗೋ ಆಗುತ್ತದೆ.

ಹಾಸನದ ಮೇಷ್ಟ್ರು

ತಂಗಿ, ಬರೆದಿದ್ದು ಒಳ್ಳೆಯದಾಯಿತು. "ನೀವೇ ಹುಡುಕಿಕೊಳ್ಳಿ" ಅನ್ನುವ ಮಾತು ನಾನೂ ಹೇಳಿದ್ದೇನೆ. ಅದನ್ನು ಇನ್ನು ಹೇಳುವುದಿಲ್ಲ.

ಕ್ಯೂರಿಂಗ್ ಮ್ಯಾನೇಜರ್, ಚಿಕ್ಕಮಗಳೂರು

ಮೇಷ್ಟ್ರೇ, ಕಂಡಿದ್ದೀರಾ ಅಂತ ಕೇಳಿದ್ದೀರಿ. ನಾನು ಒಂದನ್ನು ಹತ್ತಿರದಿಂದ ಕಂಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾನು ಇಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ನೋಡಿಕೊಳ್ಳುತ್ತೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ತೋಟದಿಂದ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ) ಮತ್ತು ಚೆರಿ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು) ಚೀಲದಲ್ಲಿ ಬರುತ್ತದೆ. ಸಿಪ್ಪೆ ತೆಗೆದು, ಜರಡಿಯಲ್ಲಿ ಗಾತ್ರ ಬೇರೆ ಮಾಡಿ, ಕಪ್ಪು ಬೀಜ, ಒಡಕು ತೆಗೆದು ಕೊಡುವುದು ನಮ್ಮ ಕೆಲಸ. ನೂರು ಕಿಲೊ ಹಾಕಿದರೆ ಎಷ್ಟು ಕಿಲೊ ಶುದ್ಧ ಬೀಜ ಬಂತು ಅನ್ನುವುದಕ್ಕೆ ಔಟ್‌ಟರ್ನ್ ಅನ್ನುತ್ತೇವೆ. ಬೆಳೆಗಾರರ ಜೊತೆ ನಮ್ಮ ಜಗಳವೆಲ್ಲ ಅದರ ಮೇಲೇ. ಒಂದು ಕಿಲೊ ಕಡಿಮೆ ಬಂದರೂ ಫೋನ್ ಬರುತ್ತದೆ. ಅವರ ವರ್ಷದ ಅನ್ನ ಅದು, ಬರಲೇಬೇಕು.

ಎರಡು ವರ್ಷದ ಹಿಂದೆ ಇಲ್ಲಿನ ಒಂದು ಕಾಲೇಜಿನಿಂದ ಮೂವರು ಮಕ್ಕಳು ಬಂದರು. ಪ್ರಾಜೆಕ್ಟ್ ಹೆಸರು ಮೊದಲೇ ನಿಗದಿಯಾಗಿತ್ತು: ಕೃತಕ ಬುದ್ಧಿಮತ್ತೆಯಿಂದ ಕಾಫಿ ಬೀಜ ವಿಂಗಡಣೆ. ನಾನು ಹೇಳಿದೆ, "ಮಕ್ಕಳೇ, ಕ್ಯಾಮೆರಾ ಇಟ್ಟು ವಿಂಗಡಿಸುವ ಮೆಷಿನ್ ನಮ್ಮಲ್ಲಿ ಆಗಲೇ ಇದೆ. ಅದರ ಹೆಸರು ಕಲರ್ ಸಾರ್ಟರ್. ನನ್ನ ತೊಂದರೆ ಬೇರೆ. ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಮಧ್ಯಾಹ್ನ ಮೂರೂವರೆ ಆದಮೇಲೆ ರಿಜೆಕ್ಟ್ ಚೀಲದಲ್ಲಿ ಒಳ್ಳೆಯ ಬೀಜ ಜಾಸ್ತಿ ಬೀಳುತ್ತದೆ. ಸರ್ವಿಸ್‌ನವರು ಎರಡು ಸಲ ಬಂದು ಮೆಷಿನ್ ಸರಿ ಇದೆ ಅಂತ ಹೇಳಿ ಹೋದರು. ಇದನ್ನು ಹುಡುಕಿ ಕೊಡ್ತೀರಾ?"

ಅವರ ಮುಖ ಸಪ್ಪಗಾಯಿತು. ಜೊತೆಗಿದ್ದ ಅವರ ಲೆಕ್ಚರರ್ ಮಾತ್ರ "ಇದೇ ಇರಲಿ ಸರ್" ಅಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಾರಕ್ಕೆ ಒಂದು ಮಧ್ಯಾಹ್ನ ತಪ್ಪದೆ ತಾವೇ ಬಂದರು.

ಮಕ್ಕಳು ಒಂದು ಉದ್ದ ನೋಟ್‌ಬುಕ್ ತಂದರು. ಅರ್ಧ ಗಂಟೆಗೊಮ್ಮೆ ರಿಜೆಕ್ಟ್ ಬಾಯಿಂದ ಒಂದು ಬಟ್ಟಲು ಬೀಜ ತೆಗೆದು, ತೂಕ ಹಾಕಿ, ಕೈಯಲ್ಲಿ ಎಣಿಸುವುದು. ಎಷ್ಟು ಕೆಟ್ಟದ್ದು, ಎಷ್ಟು ಒಳ್ಳೆಯದು. ಗಾರ್ಬ್ಲಿಂಗ್ ಮಾಡುವ, ಅಂದರೆ ಕೆಟ್ಟ ಬೀಜವನ್ನು ಕೈಯಲ್ಲಿ ಆರಿಸುವ ನಮ್ಮ ಹೆಂಗಸರು ಪಕ್ಕದಲ್ಲಿ ಕೂತು ಕಲಿಸಿದರು. "ಇದು ಕಪ್ಪಲ್ಲ ಕಣವ್ವ, ಬೆಳ್ಳಿ ಪೊರೆ ಅಂಟಿಕೊಂಡಿರೋದು. ಉಜ್ಜಿ ನೋಡು" ಅಂತ. ಮೊದಲ ವಾರ ಮಕ್ಕಳು ಎಣಿಸಿದ ಅರ್ಧದಷ್ಟು ತಪ್ಪೇ ಆಗಿತ್ತು. ಮೂರನೇ ವಾರಕ್ಕೆ ಹೆಂಗಸರ ಲೆಕ್ಕಕ್ಕೂ ಇವರ ಲೆಕ್ಕಕ್ಕೂ ಹೊಂದಿಕೆ ಬಂತು.

ಬೀಜದ ಲೆಕ್ಕದ ಪಕ್ಕದಲ್ಲೇ ಗಾಳಿಯ ಒತ್ತಡವನ್ನೂ ಬರೆಯುತ್ತಾ ಬಂದರು. ಸಾರ್ಟರ್ ಕೆಟ್ಟ ಬೀಜವನ್ನು ಗಾಳಿಯಿಂದ ಊದಿ ಹೊರಗೆ ಹಾಕುತ್ತದೆ. ಮೂರೂವರೆಗೆ ಗೇಜಿನ ಮುಳ್ಳು ಕೆಳಗೆ ಇಳಿಯುತ್ತಿತ್ತು. ಯಾಕೆ? ಆ ಹೊತ್ತಿಗೆ ಪಾಳಿ ಬದಲಾಗುತ್ತದೆ. ಉಳಿದ ಮೆಷಿನ್‌ಗಳ ಧೂಳು ಹೊಡೆಯಲು ಅದೇ ಕಂಪ್ರೆಸರಿನ ಪೈಪಿನಿಂದ ಗಾಳಿ ಬಿಡುತ್ತಿದ್ದರು. ಒತ್ತಡ ಕಡಿಮೆ ಆದಾಗ ಕೆಟ್ಟ ಬೀಜ ಸರಿಯಾಗಿ ಹಾರುವುದಿಲ್ಲ, ಒಳ್ಳೆಯದರ ಜೊತೆ ಹೋಗುತ್ತದೆ. ಅದನ್ನು ಕಂಡ ಆಪರೇಟರ್ ಮೆಷಿನ್ನಿನ ಸೂಕ್ಷ್ಮತೆ ಏರಿಸುತ್ತಾನೆ. ಆಗ ಮೆಷಿನ್ ಒಳ್ಳೆಯದನ್ನೂ ಕೆಟ್ಟದು ಅಂತ ಊದಿಬಿಡುತ್ತದೆ. ಸರ್ವಿಸ್‌ನವರು ಬರುತ್ತಿದ್ದುದು ಬೆಳಿಗ್ಗೆ. ಅವರಿಗೆ ಹೇಗೆ ಗೊತ್ತಾಗಬೇಕು?

ಸಾರ್ಟರಿಗೆ ಬೇರೆಯದೇ ಏರ್ ಟ್ಯಾಂಕ್ ಹಾಕಿಸಿದೆವು. ಧೂಳು ಹೊಡೆಯುವ ಹೊತ್ತು ಬದಲಿಸಿದೆವು. ಅಷ್ಟೇ.

ಅವರಲ್ಲಿ ಒಬ್ಬ ಹುಡುಗಿ ಈಗ ನಮ್ಮ ಕ್ವಾಲಿಟಿ ವಿಭಾಗದಲ್ಲಿದ್ದಾಳೆ. ನೇಮಿಸುವಾಗ ನಾನು ರೆಸ್ಯೂಮ್ ಕೇಳಲಿಲ್ಲ. ಆ ನೋಟ್‌ಬುಕ್ ಇವತ್ತೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಒಂದು ಬೇಜಾರು ಹೇಳಿಬಿಡುತ್ತೇನೆ. ವೈವಾದಲ್ಲಿ, ಅಂದರೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು "ಇದರಲ್ಲಿ ಹೊಸದೇನಿದೆ? ಗೇಜ್ ನೋಡಿದ್ದು ಪ್ರಾಜೆಕ್ಟಾ?" ಅಂದರಂತೆ. ಅಂಕ ಕಡಿಮೆ ಬಂತು. ಪಕ್ಕದ ಬ್ಯಾಚಿನವರು ಕೊಂಡು ತಂದ ಮಾಡೆಲ್ಲಿಗೆ ಜಾಸ್ತಿ ಬಂತು. ಮಕ್ಕಳಿಗಿಂತ ಆ ಲೆಕ್ಚರರಮ್ಮ ಜಾಸ್ತಿ ನೊಂದುಕೊಂಡರು.

ಡಿಗ್ರಿ ಕಾಲೇಜು ಮೇಡಂ, ತರೀಕೆರೆ

ಮ್ಯಾನೇಜರ್ ಸರ್, ನಿಮ್ಮ ಬರಹವನ್ನು ನಮ್ಮ ಸ್ಟಾಫ್‌ರೂಮಿನಲ್ಲಿ ಜೋರಾಗಿ ಓದಿದೆ. ಎಲ್ಲರೂ ಸುಮ್ಮನೆ ಕೂತು ಕೇಳಿದರು.

ನನಗೆ ಎದ್ದು ಕಂಡದ್ದು ಒಂದೇ. ಆ ಲೆಕ್ಚರರ್ ವಾರಕ್ಕೊಂದು ಮಧ್ಯಾಹ್ನ ಬಂದರು ಅಂದಿರಿ. ಆ ಮಧ್ಯಾಹ್ನ ಅವರಿಗೆ ಯಾರು ಕೊಟ್ಟರು? ಯಾರೂ ಕೊಟ್ಟಿರುವುದಿಲ್ಲ. ಸ್ವಂತ ಸಮಯ, ಸ್ವಂತ ಪೆಟ್ರೋಲ್. ನಮ್ಮಂಥ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರ ಹೊರುವವರಲ್ಲಿ ಅತಿಥಿ ಉಪನ್ಯಾಸಕರು ಬಹಳ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಅಂತ ಗೊತ್ತಿಲ್ಲದವರು ಕಂಪನಿಯ ಜೊತೆ ಐದು ವರ್ಷದ ನಂಟು ಹೇಗೆ ಬೆಳೆಸುತ್ತಾರೆ? ನಂಟು ಬೆಳೆಯುವುದು ಒಬ್ಬರಿಗೊಬ್ಬರು ಪರಿಚಯ ಆದಾಗ. ಆ ಒಬ್ಬರು ಜಾಗ ಬಿಟ್ಟರೆ ಎಲ್ಲ ಮತ್ತೆ ಮೊದಲಿಂದ.

ಇನ್ನು ಆ ಗಾರ್ಬ್ಲಿಂಗ್ ಹೆಂಗಸರ ವಿಷಯ. ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ಹುದ್ದೆಗೆ ದಾರಿ ಮಾಡಿತು. ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯಲ್ಲಿ, ಕನಿಷ್ಠ 15 ವರ್ಷ ಅನುಭವ ಇರುವ ಪರಿಣತರನ್ನು ತೆಗೆದುಕೊಳ್ಳಬಹುದು. ಪಿಎಚ್‌.ಡಿ. ಬೇಡ, ಪ್ರಕಟವಾದ ಲೇಖನ ಬೇಡ. ಒಳ್ಳೆಯ ಯೋಚನೆ. ಆದರೆ ದೊಡ್ಡ ಹುದ್ದೆಯಲ್ಲಿ ಇದ್ದವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಮಾಡಿದ್ದಾರೆ. ಬೀಜ ಉಜ್ಜಿ ನೋಡು ಅಂತ ಕಲಿಸಿದ ಅಮ್ಮನಿಗೆ ಅದರಲ್ಲಿ ಜಾಗ ಇಲ್ಲ. ಹುದ್ದೆ ಬೇಡ, ಒಂದು ದಿನ ಕರೆಸಿ, ಗೌರವಧನ ಕೊಟ್ಟು ತರಗತಿಯಲ್ಲಿ ನಿಲ್ಲಿಸಬಹುದಲ್ಲ? ಇದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಪ್ರಿನ್ಸಿಪಾಲರ ಮನಸ್ಸು ಸಾಕು.

ಟೂಲ್‌ರೂಮ್ ನಿವೃತ್ತ

ಎಲ್ಲ ಓದಿದೆ. ಒಂದು ಮಾತು ಸೇರಿಸುತ್ತೇನೆ.

ನಮ್ಮ ರಾಜ್ಯದಲ್ಲೇ ಒಂದು ಮಾದರಿ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ. ಹಾಸನದಲ್ಲೂ ಅದರ ಕೇಂದ್ರ ಇದೆ. ಅಲ್ಲಿನ ಟೂಲ್ ಅಂಡ್ ಡೈ (ಕಾರ್ಖಾನೆಯ ಉಪಕರಣ, ಅಚ್ಚು ಮಾಡುವ) ಡಿಪ್ಲೊಮಾ ಮೂರು ವರ್ಷ ಒಳಗೆ, ಆಮೇಲೆ ಒಂದು ವರ್ಷ ಕಂಪನಿಯಲ್ಲಿ. ಆ ಕೊನೆಯ ವರ್ಷ ಓದಿನ ಭಾಗವೇ, ಹೊರಗಿನದಲ್ಲ. ಅದಕ್ಕಿಂತ ಮುಖ್ಯ, ಟೂಲ್‌ರೂಮಿನಲ್ಲಿ ಹೊರಗಿನ ಕಂಪನಿಗಳ ನಿಜವಾದ ಆರ್ಡರುಗಳನ್ನೂ ಮಾಡಿಕೊಡುತ್ತಾರೆ. ಹುಡುಗ ಫೈಲಿಂಗ್ ಮಾಡಿದ ಡೈ ಗಿರಾಕಿಯ ಕೈಗೆ ಹೋಗುತ್ತದೆ. ಅಳತೆ ತಪ್ಪಿದರೆ ವಾಪಸ್ ಬರುತ್ತದೆ. ಲ್ಯಾಬ್ ರೆಕಾರ್ಡಿನಲ್ಲಿ ತಪ್ಪಿದರೆ ಅರ್ಧ ಅಂಕ ಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಸಕಲೇಶಪುರದವನು, ಈಗ ಕೆನಡಾದಲ್ಲಿ

ಅಣ್ಣಂದಿರೇ, ಅಕ್ಕಂದಿರೇ, ನಮ್ಮೂರ ಮಾತು ಓದಿ ಖುಷಿಯಾಯಿತು. ನಾನು ಇಲ್ಲಿಗೆ ಓದಲು ಬಂದವನು. ಇಲ್ಲಿನ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಶುರುವಾದಾಗಿಂದಲೇ ಕೆಲವು ತಿಂಗಳು ಓದು, ಕೆಲವು ತಿಂಗಳು ಕೆಲಸ ಅನ್ನುವ ಪದ್ಧತಿ ಇಟ್ಟುಕೊಂಡಿದೆ. ಕೆಲಸದ ತಿಂಗಳಿಗೆ ಸಂಬಳ ಇರುತ್ತದೆ.

ಆದರೆ ಇದರ ಬೇರು ಇನ್ನೂ ಹಳೆಯದು. ಅಮೆರಿಕದ ಸಿನ್ಸಿನಾಟಿಯಲ್ಲಿ 1906ರಲ್ಲಿ ಹರ್ಮನ್ ಶ್ನೈಡರ್ ಅನ್ನುವ ಪ್ರಾಧ್ಯಾಪಕರು 27 ವಿದ್ಯಾರ್ಥಿಗಳಿಂದ ಶುರು ಮಾಡಿದರು. ಇಬ್ಬಿಬ್ಬರ ಜೋಡಿ. ಈ ವಾರ ಒಬ್ಬ ಕ್ಲಾಸಿನಲ್ಲಿ, ಇನ್ನೊಬ್ಬ ಕಾರ್ಖಾನೆಯಲ್ಲಿ. ಮುಂದಿನ ವಾರ ಅದಲು ಬದಲು. ಹೀಗಾಗಿ ಕಾರ್ಖಾನೆಯ ಜಾಗ ಒಂದು ದಿನವೂ ಖಾಲಿ ಬೀಳುತ್ತಿರಲಿಲ್ಲ. ಮಾಲೀಕರು ಒಪ್ಪಿದ್ದೇ ಆ ಕಾರಣಕ್ಕೆ ಅಂತ ನನಗನ್ನಿಸುತ್ತದೆ. ನಮ್ಮ ದೇಶದಲ್ಲೇ ಪಿಲಾನಿಯ ಬಿಟ್ಸ್ 1973ರಿಂದ ಪ್ರಾಕ್ಟೀಸ್ ಸ್ಕೂಲ್ ನಡೆಸುತ್ತಿದೆ. ಅಲ್ಲಿ ಮೊದಲು ಎರಡು ತಿಂಗಳು, ಆಮೇಲೆ ಐದೂವರೆ ತಿಂಗಳು.

ನಮ್ಮೂರಿಗೆ ಜೋಡಿ ಪದ್ಧತಿ ಹೊಂದುತ್ತದೆ ಅನ್ನುವುದು ನನ್ನ ಅನಿಸಿಕೆ. ಕಾಫಿ ಕೆಲಸ ಜೋರಾಗಿರುವಾಗ ಕಂಪನಿಗೆ ಜನ ಬೇಕು, ಆಗಲೇ ಮಕ್ಕಳಿಗೆ ಕ್ಲಾಸೂ ಇರುತ್ತದೆ. ಇಬ್ಬರಲ್ಲಿ ಒಬ್ಬ ಯಾವಾಗಲೂ ಅಲ್ಲಿದ್ದರೆ ಎರಡೂ ನಡೆಯುತ್ತದೆ.

ಪ್ಯಾಕಿಂಗ್ ಇಂಟರ್ನ್

ಕ್ಷಮಿಸಿ, ನಾನು ಇನ್ನೊಂದು ಕಡೆ ತೋರಿಸಲೇಬೇಕು. ಕಂಪನಿಗೆ ಜನ ಬೇಕು ಅಂದಿರಲ್ಲ ಅಣ್ಣ, ಅಪಾಯ ಇರುವುದು ಅಲ್ಲೇ. ನಾನು ನಾಲ್ಕು ತಿಂಗಳು ಒಂದು ಕಡೆ ಇಂಟರ್ನ್ ಆಗಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಡಬ್ಬಕ್ಕೆ ಲೇಬಲ್ ಅಂಟಿಸಿದೆ. ಒಂದು ರೂಪಾಯಿ ಕೊಡಲಿಲ್ಲ. ಪಕ್ಕದಲ್ಲಿ ಅದೇ ಕೆಲಸ ಮಾಡುತ್ತಿದ್ದ ಅಕ್ಕನಿಗೆ ದಿನಗೂಲಿ ಇತ್ತು. ನಾವು ಆರು ಜನ ಹೋದ ಮೇಲೆ ಇಬ್ಬರು ಅಕ್ಕಂದಿರನ್ನು ಬರಬೇಡಿ ಅಂದರು. ಅದು ನನ್ನ ಮನಸ್ಸಿನಿಂದ ಇವತ್ತೂ ಹೋಗಿಲ್ಲ. ಕಾಲೇಜಿಗೆ ಹೇಳಿದೆ. "ಅಡ್ಜಸ್ಟ್ ಮಾಡ್ಕೋ, ಸರ್ಟಿಫಿಕೇಟ್ ಬೇಕಲ್ಲ" ಅಂದರು.

ಪಾಲುದಾರಿಕೆ ಅನ್ನುವಾಗ ಇದೂ ಲೆಕ್ಕದಲ್ಲಿರಲಿ.

ಜವಳಿ ಎಚ್‌ಆರ್

ತಮ್ಮಾ, ನೀನು ಹೇಳಿದ್ದು ಸರಿ. ಇದು ಆಗುತ್ತದೆ ಅಂತ ಈ ಕಡೆಯವಳಾಗಿ ನಾನೇ ಒಪ್ಪಿಕೊಳ್ಳುತ್ತೇನೆ. ತಡೆಯಲು ಎರಡು ವಿಷಯ ಮೊದಲೇ ಕಾಗದದಲ್ಲಿ ಬರೆಯಬೇಕು. ಮಕ್ಕಳಿಗೆ ಸ್ಟೈಪೆಂಡ್ ಎಷ್ಟು? ಒಳಗೆ ಅವರನ್ನು ನೋಡಿಕೊಳ್ಳುವವರು ಯಾರು, ಹೆಸರು ಸಮೇತ? ಎರಡನ್ನೂ ಬರೆಯದ ಕಂಪನಿಗೆ ಮಕ್ಕಳನ್ನು ಕಳಿಸಬೇಡಿ ಮೇಷ್ಟ್ರೇ. ಅಪಘಾತ ವಿಮೆಯನ್ನೂ ಕೇಳಿ. ಮೆಷಿನ್ ಇರುವ ಜಾಗ, ಸುಮ್ನೆ ಅಲ್ಲ.

ಬೇಲೂರಿನ ಇತಿಹಾಸ ಮೇಷ್ಟ್ರು

ಮೆಷಿನ್ ಇಲ್ಲದವರ ಕಡೆಯಿಂದ ಒಂದು ಮಾತು. ಕಂಪನಿ, ಕೈಗಾರಿಕೆ ಅಂದ ಕೂಡಲೇ ಬಿಎ ಮಕ್ಕಳನ್ನು ಬಿಟ್ಟುಬಿಡುತ್ತೇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಮೂರರಲ್ಲಿ ಎರಡು ನಮ್ಮ ಜಿಲ್ಲೆಯವು. ಬರುವ ಜನಕ್ಕೆ ಕಥೆ ಹೇಳುವವರು ಬೇಕು, ಹೋಮ್‌ಸ್ಟೇಗಳಿಗೆ ಓದಿದ ಮಕ್ಕಳು ಬೇಕು. ನಮ್ಮ ಇತಿಹಾಸದ ಪದವೀಧರ ಶಾಸನ ಓದಬಲ್ಲ, ಆದರೆ ಹೊರಗಿನಿಂದ ಬಂದವರ ಮುಂದೆ ಐದು ನಿಮಿಷ ಮಾತಾಡಲು ಹಿಂಜರಿಯುತ್ತಾನೆ. ಹಳೆಯ ಗೈಡ್‌ಗಳು ಚೆನ್ನಾಗಿ ಮಾತಾಡುತ್ತಾರೆ, ಅವರಿಗೆ ಶಾಸನದ ಹೊಸ ವಿಷಯ ಹೇಳಿಕೊಡುವವರಿಲ್ಲ. ಇಬ್ಬರನ್ನೂ ಶನಿವಾರ ಒಂದು ಕಂಬದ ಮುಂದೆ ನಿಲ್ಲಿಸಿದರೆ ಇಬ್ಬರೂ ಕಲಿಯುತ್ತಾರೆ. ನಾನು ಈ ವರ್ಷ ನಾಲ್ಕು ಮಕ್ಕಳ ಜೊತೆ ಶುರು ಮಾಡಿದ್ದೇನೆ. ಹಿರಿಯ ಗೈಡ್ ಒಬ್ಬರು "ನನಗೆ ಆ ಲಿಪಿಯ ನಾಲ್ಕು ಅಕ್ಷರ ಕಲಿಸಿ ಸಾಕು" ಅಂದಾಗ ನನಗೆ ಬಹಳ ಸಂತೋಷವಾಯಿತು.

ಬಾಳೆಹೊನ್ನೂರು ಕಡೆಯವಳು

ಕಾಫಿ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಬಾಳೆಹೊನ್ನೂರಿನ ಹತ್ತಿರ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಇದೆ, 1925ರಲ್ಲಿ ಪ್ರಯೋಗ ಕೇಂದ್ರವಾಗಿ ಶುರುವಾದದ್ದು. ಕಾಫಿ ಮಂಡಳಿಯವರ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾದ ಮೊದಲ ಭಾಗ ಅಲ್ಲೇ ನಡೆಯುತ್ತದೆ. ಗಿಡ, ಹಣ್ಣು, ಸಂಸ್ಕರಣೆ ಎಲ್ಲ ತೋಟದ ನಡುವೆ ಕಲಿತು ಆಮೇಲೆ ರುಚಿ ನೋಡುವುದನ್ನು ಕಲಿಯಲು ಬೆಂಗಳೂರಿಗೆ ಹೋಗುವುದು. ನನ್ನ ಗೆಳತಿ ಅದನ್ನು ಓದಿದಳು. ಕಪ್ ಕೈಗೆ ತಗೊಂಡರೆ ಹಣ್ಣು ಅತಿಯಾಗಿ ಹುಳಿತಿದೆಯಾ ಅಂತ ಹೇಳುತ್ತಾಳೆ. ಜಿಲ್ಲೆಯ ಡಿಗ್ರಿ ಕಾಲೇಜಿನ ಎಷ್ಟು ಮಕ್ಕಳಿಗೆ ಇದು ಗೊತ್ತು? ಬಿಎಸ್ಸಿ ಕೊನೆಯ ವರ್ಷದವರನ್ನು ಒಂದು ದಿನ ಕರೆದುಕೊಂಡು ಹೋಗಿ ಪ್ಲೀಸ್.

ಹಾಸನದ ಮೇಷ್ಟ್ರು

ಹತ್ತು ದಿನ ಬರೆಯಲಿಲ್ಲ. ಓಡಾಡುತ್ತಿದ್ದೆ.

ನಿಮ್ಮೆಲ್ಲರ ಮಾತು ಪ್ರಿಂಟ್ ತೆಗೆದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಅವರು ಕ್ಯೂರಿಂಗ್ ವರ್ಕ್ಸ್ ಕಥೆಯನ್ನು ಎರಡು ಸಲ ಓದಿದರು. ಆಮೇಲೆ ಟೈಮ್‌ಟೇಬಲ್ ತರಿಸಿ, ನನ್ನ ಗುರುವಾರ ಮಧ್ಯಾಹ್ನದ ಎರಡು ಗಂಟೆ ಬೇರೆಯವರಿಗೆ ಹಂಚಿದರು. "ಇದು ಪಾಠದ ಲೆಕ್ಕಕ್ಕೇ ಬರಲಿ" ಅಂತ ಪೆನ್ನಿನಲ್ಲಿ ಬರೆದು ಸಹಿ ಮಾಡಿದರು. ಇಪ್ಪತ್ತು ಎಂಒಯು ಸೇರಿದರೂ ಆ ಎರಡು ಗಂಟೆಗೆ ಸಮ ಅಲ್ಲ ಅಂತ ನನಗೆ ಆಗ ಅನ್ನಿಸಿತು.

ಚಿಕ್ಕಮಗಳೂರಿಗೆ ವಾರವಾರ ಹೋಗಿಬರುವುದು ಕಷ್ಟ, ಬೇಲೂರಿನ ಮೇಲೆ ಅರವತ್ತು ಕಿಲೊಮೀಟರ್. ಮ್ಯಾನೇಜರ್ ಸರ್ ತಾವೇ ಫೋನ್ ಮಾಡಿ ಹಾಸನದಲ್ಲಿ ಅವರ ಸ್ನೇಹಿತರೊಬ್ಬರ ಕ್ಯೂರಿಂಗ್ ವರ್ಕ್ಸ್ ತೋರಿಸಿಕೊಟ್ಟರು. ಸರ್, ನಿಮ್ಮ ಉಪಕಾರ ದೊಡ್ಡದು. ಹೋದ ಗುರುವಾರ ಒಬ್ಬನೇ ಹೋದೆ. ಪ್ರಾಜೆಕ್ಟ್ ಪಟ್ಟಿ ತೆಗೆದುಕೊಂಡು ಹೋಗಲಿಲ್ಲ. "ನಿಮ್ಮ ನಿದ್ದೆ ಕೆಡಿಸುವುದು ಯಾವುದು?" ಅಂತ ಕೇಳಿದೆ. ಅವರು ತೇವಾಂಶ ಅಂದರು. ತೋಟದವರ ಮೀಟರಿನಲ್ಲಿ ಒಂದು ಅಂಕಿ, ಇವರ ಮೀಟರಿನಲ್ಲಿ ಇನ್ನೊಂದು. ಗೇಟಿನಲ್ಲೇ ಮಾತು ಬೆಳೆಯುತ್ತದೆ. ಎರಡು ಮೀಟರನ್ನೂ ಓವನ್‌ನಲ್ಲಿ ಒಣಗಿಸಿದ ತೂಕಕ್ಕೆ ಹೋಲಿಸಿ ನೋಡಬಹುದು ಅಂದೆ. ನಮ್ಮ ಲ್ಯಾಬಿನಲ್ಲಿ ಓವನ್ ಇದೆ, ತಕ್ಕಡಿ ಇದೆ. ಅವರಿಗೆ ನಂಬಿಕೆ ಬರಲಿಲ್ಲ, "ಇಷ್ಟಕ್ಕೆ ಕಾಲೇಜಿನಲ್ಲಿ ವ್ಯವಸ್ಥೆ ಇದೆಯಾ ಸರ್?" ಅಂತ ಕೇಳಿದರು. ಅವರ ಗೇಟಿನಿಂದ ನಮ್ಮ ಕಾಲೇಜಿಗೆ ಆಟೊದಲ್ಲಿ ಹೋಗಬಹುದು.

ಒಂದೇ ಪುಟದ ಕಾಗದ ಬರೆದುಕೊಂಡೆವು. ನಾಲ್ಕು ಮಕ್ಕಳು, ಎರಡು ಜೋಡಿ, ವಾರ ಬಿಟ್ಟು ವಾರ. ಮೇ ಕೊನೆಯವರೆಗೆ. ಅವರ ಕಡೆಯಿಂದ ನೋಡಿಕೊಳ್ಳುವುದು ಹಿರಿಯ ಮೇಸ್ತ್ರಿ, ನಮ್ಮ ಕಡೆಯಿಂದ ನಾನು. ಸ್ಟೈಪೆಂಡ್ ಸಣ್ಣದು, ಆದರೆ ಬರೆದಿದೆ. ವಿಮೆ ಕಾಲೇಜಿನದು. ಬೆಳೆಗಾರರ ಹೆಸರು, ಔಟ್‌ಟರ್ನ್ ಲೆಕ್ಕ ವರದಿಯಲ್ಲಿ ಬರಕೂಡದು ಅಂತ ಅವರು ಕೇಳಿದರು, ಒಪ್ಪಿದೆ. ದಿನಗೂಲಿಯವರ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದು ಅಂತ ನಾನು ಕೇಳಿದೆ, ಅವರು ಒಪ್ಪಿದರು. ಆ ಸಾಲು ನಿನ್ನಿಂದ ಬಂದದ್ದು ತಮ್ಮಾ.

ಅಂಕದ ವಿಷಯ ಇನ್ನೂ ಬಗೆಹರಿದಿಲ್ಲ. ಹೊರಗಿನ ಪರೀಕ್ಷಕರು ಯಾರು ಬರುತ್ತಾರೋ ಗೊತ್ತಿಲ್ಲ. ವೈವಾಕ್ಕೆ ಮೇಸ್ತ್ರಿಯವರನ್ನೂ ಕರೆದು ಕೂರಿಸಬಹುದಾ ಅಂತ ವಿಭಾಗದಲ್ಲಿ ಕೇಳಿದ್ದೇನೆ. ಮುಖ್ಯಸ್ಥರು ಬೇಡ ಅಂದಿಲ್ಲ.

ಕ್ಯೂರಿಂಗ್ ಮ್ಯಾನೇಜರ್, ಚಿಕ್ಕಮಗಳೂರು

ಮೇಷ್ಟ್ರೇ, ಒಂದು ಎಚ್ಚರ. ಸ್ಯಾಂಪಲ್ ತೆಗೆಯುವಾಗ ಚೀಲದ ಬಾಯಿಂದ ಮಾತ್ರ ತೆಗೆಯಬೇಡಿ. ಮೇಲೆ, ನಡು, ಕೆಳಗೆ, ಮೂರೂ ಕಡೆಯಿಂದ. ತೆಗೆದ ಕೂಡಲೇ ಗಾಳಿಯಾಡದ ಡಬ್ಬಕ್ಕೆ ಹಾಕಿ. ಮಳೆ ಬಂದ ದಿನ ಬೇರೆ ಗುರುತು ಹಾಕಿಕೊಳ್ಳಿ. ಮೇಸ್ತ್ರಿ ಬೀಜ ಕಚ್ಚಿ ನೋಡಿ ತೇವ ಹೇಳುತ್ತಾರೆ, ಅದನ್ನೂ ಒಂದು ಕಾಲಂ ಮಾಡಿ ಬರೆಸಿ. ಮೀಟರಿಗೂ ಅವರ ಹಲ್ಲಿಗೂ ಎಷ್ಟು ಅಂತರ ಬರುತ್ತದೆ ಅಂತ ನನಗೆ ನೋಡಬೇಕು.

ಅರಸೀಕೆರೆ ಹುಡುಗಿ

ಸರ್, ನಾನು ನಿಮ್ಮ ಕಾಲೇಜಿನವಳಲ್ಲ. ಓದು ಮುಗಿದಿದೆ. ಆದರೂ ಒಂದು ಗುರುವಾರ ಬಂದು ನೋಡಬಹುದಾ? ಸರ್ಟಿಫಿಕೇಟ್ ಬೇಡ.

ಹಾಸನದ ಮೇಷ್ಟ್ರು

ಬಾ ತಂಗಿ. ಮಾಲೀಕರನ್ನು ಕೇಳಿದೆ, ಆಗಬಹುದು ಅಂದರು. ಈ ಗುರುವಾರ ಎರಡು ಗಂಟೆಗೆ ಹಾಸನ ಬಸ್ ನಿಲ್ದಾಣದ ಮುಂದೆ ಕಾಲೇಜಿನ ಚಿಕ್ಕ ಬಸ್ ನಿಲ್ಲಿಸುತ್ತೇವೆ. ಕಾಲಿಗೆ ಶೂ ಇರಲಿ, ಚಪ್ಪಲಿ ಬೇಡ. ವೇಲ್ ಇದ್ದರೆ ಬಿಗಿಯಾಗಿ ಕಟ್ಟಿಕೋ, ಒಳಗೆ ಬೆಲ್ಟುಗಳು ಓಡುತ್ತಿರುತ್ತವೆ. ಒಂದು ಉದ್ದ ನೋಟ್‌ಬುಕ್ ತಾ.

ಎಚ್‌ಆರ್ ಮೇಡಂ, ನಿಮ್ಮಲ್ಲಿಗೆ ಎರಡನೇ ವರ್ಷದ ಮಕ್ಕಳನ್ನು ಯಾವ ದಿನ ಕರೆತರಲಿ ಅಂತ ತಿಳಿಸಿ. ಬೇರೆ ಕಾಲೇಜಿನ ಮೇಷ್ಟ್ರುಗಳು ಯಾರಾದರೂ ಈ ಗುರುವಾರ ನಮ್ಮ ಜೊತೆ ಬರುವುದಾದರೆ ಬುಧವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಬಸ್ಸಲ್ಲಿ ಇನ್ನೂ ಆರು ಸೀಟು ಇವೆ.